ಬಾಯಿಯವರು, ಮೂಗಿನವರು

ಗೋಡೆ ಅಂದರೆ ನಿಜವಾದ ಗೋಡೆಯೇನೂ ಅಲ್ಲ, ಹಲಗೆ. ಮ್ಯೂಸಿಯಂನ ಹಿಂಭಾಗದಲ್ಲಿ ಮೀನುಗಳಿಗೆಂದೇ ಇದ್ದ ಉದ್ದನೆಯ ಕೋಣೆಯಲ್ಲಿ ಒಂದು ಕಾಲಕ್ಕೆ ಅಣ್ಣತಮ್ಮ ಇಬ್ಬರೂ ಒಟ್ಟಿಗೆ ಕೆಲಸ ಮಾಡುತ್ತಿದ್ದರು. ಮಾತು ಬಿಟ್ಟ ಮೇಲೆ ನಡುವೆ ಹಲಗೆ ಹೊಡೆಸಿದರು. ಇಬ್ಬರೂ ಎದುರುಬದುರು ಕೂರುತ್ತಿದ್ದ ಮೇಜು ಯಾರ ಪಾಲಿಗೆ ಎಂಬ ಪ್ರಶ್ನೆ ಬಂತು. ಒಬ್ಬರೂ ಬಿಟ್ಟುಕೊಡಲಿಲ್ಲ. ಕೊನೆಗೆ ಬಡಗಿಯನ್ನು ಕರೆಸಿ ಮೇಜನ್ನೇ ಗರಗಸದಲ್ಲಿ ಎರಡು ಮಾಡಿಸಿದರು. ಅರ್ಧ ಈಚೆ, ಅರ್ಧ ಆಚೆ, ಎರಡಕ್ಕೂ ಎರಡೆರಡೇ ಕಾಲು. ಕಾಲಿಲ್ಲದ ತುದಿಯನ್ನು ಎರಡೂ ಕಡೆಯಿಂದ ಹಲಗೆಗೇ ಮೊಳೆ ಹೊಡೆದು ನಿಲ್ಲಿಸಿದ್ದರು. ಹೀಗಾಗಿ ಒಬ್ಬರು ಮೇಜಿನ ಮೇಲೆ ಲೋಟ ಇಟ್ಟರೂ ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಮಾತು ಬಿಟ್ಟವರಿಗೆ ಸದ್ದು ಬಿಡಲು ಆಗಲಿಲ್ಲ.

ಅಣ್ಣ ಅಂದರೆ ಅವಳ ಅಪ್ಪ. ಅಪ್ಪ ತೀರಿಕೊಂಡ ಮೇಲೆ ಈಚಿನ ಅರ್ಧ ಅವಳಿಗೆ ಬಂತು. ಅವಳೂ ಮೀನುಗಳನ್ನೇ ಓದಿದವಳು, ಆ ಮ್ಯೂಸಿಯಂನಲ್ಲೇ ಕೆಲಸಕ್ಕಿದ್ದವಳು. ಆಚಿನ ಅರ್ಧದಲ್ಲಿ ಚಿಕ್ಕಪ್ಪ ಇನ್ನೂ ಇದ್ದರು. ನಿವೃತ್ತಿಯಾಗಿ ಎಷ್ಟೋ ಕಾಲವಾಗಿದ್ದರೂ ಬೆಳಿಗ್ಗೆ ಕೋಟು ಹಾಕಿಕೊಂಡು ಬಂದುಬಿಡುವರು. ಬರಬೇಡಿ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಟಕ್ ಟಕ್ ಎಂಬ ಸದ್ದು ಅವಳಿಗೆ ಮೊದಲ ವಾರದಲ್ಲೇ ಕೇಳಿಸಿತು. ಗಾಜಿನ ಮುಚ್ಚಳದ ಮೇಲೆ ಉಗುರಿನಿಂದ ಎರಡು ಸಲ ತಟ್ಟಿದ ಹಾಗೆ. ಅದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಸದ್ದು. ಚಿಕ್ಕಂದಿನಲ್ಲಿ ಅಣ್ಣತಮ್ಮ ಇಬ್ಬರೂ ಜೀರುಂಡೆಗಳನ್ನು ಹಿಡಿದು ಡಬ್ಬಿಯಲ್ಲಿಡುತ್ತಿದ್ದರಂತೆ. ತೆಗೆಯುವ ಮುಂಚೆ ಮುಚ್ಚಳ ತಟ್ಟುವುದು ಆಗಲೇ ಬಂದ ಅಭ್ಯಾಸ, ಒಳಗಿದ್ದದ್ದು ಬೆಚ್ಚಿ ಬೀಳಬಾರದು ಅಂತ. ಸ್ಪಿರಿಟ್ಟಿನಲ್ಲಿ ಮುಳುಗಿದ ಸತ್ತ ಮೀನಿನ ಜಾಡಿಗೂ ಅಪ್ಪ ಹಾಗೇ ತಟ್ಟುತ್ತಿದ್ದರು. ಚಿಕ್ಕಪ್ಪನೂ ತಟ್ಟುತ್ತಿದ್ದರು. ಹಾಗಾಗಿ ಅದು ಚಿಕ್ಕಪ್ಪನೇ ಎಂದುಕೊಂಡು ಅವಳು ತಲೆಕೆಡಿಸಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಅವಳು ಬೇಗ ಬಂದಳು. ಚಿಕ್ಕಪ್ಪನ ಬಾಗಿಲಿಗೆ ಬೀಗ. ತನ್ನ ಕೋಣೆಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಟಕ್ ಟಕ್. ಹೊರಗೆ ಬಂದು ನೋಡಿದರೆ ಚಿಕ್ಕಪ್ಪ ಕಾರಿಡಾರಿನ ಆ ತುದಿಯಲ್ಲಿ ಆಗ ತಾನೇ ಕಾಲೊರೆಸಿಕೊಳ್ಳುತ್ತಿದ್ದರು. ಅವಳನ್ನು ನೋಡಿಯೂ ನೋಡದ ಹಾಗೆ ಬೀಗ ತೆಗೆದು ಒಳಗೆ ಹೋದರು. ಕಣ್ಣು ಮಂಜಾಗಿತ್ತು; ಕೀಲಿಕೈ ಬೀಗದ ಕಿಂಡಿ ಸೇರಲು ಎರಡು ಮೂರು ಸಲ ತಡಕಾಡಿತು.

ಆ ಕಾರಿಡಾರು ಅವಳು ಬೆಳೆದ ಜಾಗ. ಸ್ಕೂಲು ಬಿಟ್ಟ ಮೇಲೆ ಅಮ್ಮ ಕೆಲಸದಿಂದ ಬರುವವರೆಗೂ ಇಲ್ಲೇ ಒಂದು ಸ್ಟೂಲಿನ ಮೇಲೆ ಕೂತು ಹೋಂವರ್ಕ್ ಮಾಡುವುದು. ಆಗಿನ್ನೂ ಒಂದೇ ಬಾಗಿಲು. ಚಿಕ್ಕಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೇಲಿನ ಸಾಲಿನ ಜಾಡಿಗಳನ್ನು ತೋರಿಸುತ್ತಿದ್ದರು. ಬಾಗಿಲು ಎರಡಾದ ಮೇಲೆ ಅವಳು ಅದೇ ಸ್ಟೂಲಿನ ಮೇಲೆ, ಎರಡು ಬಾಗಿಲಿನ ನಡುವೆ ಇದ್ದ ಹಳೇ ಕಪಾಟಿಗೆ ಒರಗಿ ಕೂರುತ್ತಿದ್ದಳು. ಯಾವ ಕುಟುಂಬಕ್ಕೂ ಸೇರದ ಮೀನುಗಳ ಕಪಾಟು ಅದು. ಸಣ್ಣ ಸಣ್ಣ ಮರಿಗಳು, ಮೈಗಿಂತ ಎಷ್ಟೋ ಪಾಲು ಉದ್ದದ ರಿಬ್ಬನ್ನಿನಂಥ ಬಾಲ.

ಜಗಳ ಶುರುವಾದದ್ದು ಮೀನಿನಿಂದಲೇ. ಬೆಳಕು ಇಳಿಯದಷ್ಟು ಆಳದ ಕಡಲಿನಿಂದ ಬಲೆಗೆ ಬಂದ ಮೀನುಗಳಲ್ಲಿ ಕೆಂಪಗಿನ, ದೊಡ್ಡ ಬಾಯಿಯ, ಕಣ್ಣು ಕಡಲೆಯಷ್ಟೂ ಇಲ್ಲದ ಮೀನುಗಳನ್ನು ಅಪ್ಪ ಒಂದು ಕುಟುಂಬ, ಅಂದರೆ ಹತ್ತಿರದ ಜಾತಿಗಳ ಒಂದು ಗುಂಪು, ಎಂದು ಗುರುತಿಸಿ ಹೆಸರಿಟ್ಟಿದ್ದರು. ಆಮೇಲೆ ಚಿಕ್ಕಪ್ಪ, ಬೆರಳಿನ ಗೆಣ್ಣಿನಷ್ಟೇ ಇರುವ, ಭಾರೀ ಮೂಗಿನ ಮೀನುಗಳನ್ನು ಬೇರೆಯೇ ಒಂದು ಕುಟುಂಬ ಎಂದು ಹೆಸರಿಟ್ಟರು. ಮನೆಯಲ್ಲಿ ಇವಕ್ಕೆ ಬಾಯಿಯವರು, ಮೂಗಿನವರು ಎಂದೇ ಹೆಸರು. ಅಮ್ಮ ಇಟ್ಟದ್ದು.

ಒಮ್ಮೆ ದೊಡ್ಡ ಸಭೆಯಲ್ಲಿ ಅಪ್ಪ ಬಾಯಿಯವರ ಬಗ್ಗೆ ಮಾತಾಡಿ ಮುಗಿಸಿದಾಗ ಚಿಕ್ಕಪ್ಪ ತಮಾಷೆಗೆಂದು ಎದ್ದು ನಿಂತರು. "ನಮ್ಮಣ್ಣನ ಕಪಾಟಿನಲ್ಲಿ ಇರೋದೆಲ್ಲ ಹೆಣ್ಣು. ಒಂದೇ ಒಂದು ಗಂಡಿಲ್ಲ. ಇದನ್ನ ಕುಟುಂಬ ಅನ್ನಬೇಕೋ, ಲೇಡೀಸ್ ಹಾಸ್ಟೆಲ್ ಅನ್ನಬೇಕೋ?"

ಸಭೆ ಬಿದ್ದು ಬಿದ್ದು ನಕ್ಕಿತು. ಅಪ್ಪನ ಮುಖ ಕೆಂಪಾಯಿತು. "ನನ್ನ ತಮ್ಮನ ಕಪಾಟಿನಲ್ಲಿ ಇರೋದೆಲ್ಲ ಗಂಡು. ಬಾಯಿ ಅಲ್ಲಾಡಲ್ಲ, ಹೊಟ್ಟೆ ಇಲ್ಲ, ಉಣ್ಣಲ್ಲ, ಮೂಗೊಂದು ಮಾತ್ರ ಇದೆ. ಮದುವೆಯಾಗದವನು ಕಟ್ಟಿದ ಕುಟುಂಬ ಇನ್ನು ಹೇಗಿರುತ್ತೆ?"

ಸಭೆ ಇನ್ನೂ ಜೋರಾಗಿ ನಕ್ಕಿತು. ಚಿಕ್ಕಪ್ಪ ನಗಲಿಲ್ಲ. ಅದೇ ಕೊನೆ. ಸ್ವಲ್ಪ ದಿನಕ್ಕೆ ಚಿಕ್ಕಪ್ಪನ ಕಪಾಟಿನಿಂದ ಒಂದು ಮೀನು ಕಾಣೆಯಾಯಿತು. ಅದೂ ಅಂಥಿಂಥದ್ದಲ್ಲ, ಮೂಗಿನವರಿಗೆ ಹೆಸರಿಡುವಾಗ ಮಾದರಿಯಾಗಿ ತೋರಿಸಿದ ಮೊದಲ ಮೀನು. ಯಾರಿಗಾದರೂ ಅನುಮಾನ ಬಂದರೆ ತೆಗೆದು ತೋರಿಸಬೇಕಾದದ್ದು ಅದನ್ನೇ. ಚಿಕ್ಕಪ್ಪ ಕಾರಿಡಾರಿನಲ್ಲಿ ನಿಂತು ಎಲ್ಲರೂ ಕೇಳುವ ಹಾಗೆ "ಕಳ್ಳ" ಅಂದರು. ಅಪ್ಪ ಉತ್ತರ ಕೊಡಲಿಲ್ಲ. ಮರುದಿನ ಹಲಗೆ ಬಂತು.

ಸದ್ದಿನ ಮೂಲ ಹುಡುಕುತ್ತಾ ಅವಳು ಅಪ್ಪನ ಕಪಾಟು ತೆಗೆದದ್ದೇನೋ ನಿಜ. ಆದರೆ ಜಾಡಿ ಹೊರಗೆ ತೆಗೆದದ್ದು ಬೇರೆ ಕಾರಣಕ್ಕೆ. ಕೆಳಸಾಲಿನ ಮೂಲೆಯ ದೊಡ್ಡ ಜಾಡಿಯಲ್ಲಿ ಸ್ಪಿರಿಟ್ ಹಳದಿಯಾಗಿ, ಮಟ್ಟವೂ ಇಳಿದು ಮೀನಿನ ತಲೆ ಮೇಲೆ ಕಾಣುತ್ತಿತ್ತು. ಹಾಗೇ ಬಿಟ್ಟರೆ ಒಣಗಿಹೋಗುತ್ತದೆ. ಮುಚ್ಚಳಕ್ಕೆ ಸವರಿದ್ದ ಗ್ರೀಸು ಕಲ್ಲಾಗಿತ್ತು. ಬಿಸಿ ಬಟ್ಟೆ ಸುತ್ತಿ ಬಿಡಿಸಿ, ಮೀನನ್ನು ಎನಾಮೆಲ್ ತಟ್ಟೆಗೆ ಇಳಿಸಿದಳು. ಕೆಂಪು ಬಣ್ಣ ಎಂದೋ ಹೋಗಿ ಮೀನು ಅನ್ನದ ಹಾಗೆ ಬೆಳ್ಳಗಾಗಿತ್ತು. ಬಾಯಿ ಮಾತ್ರ ಅಷ್ಟೇ ದೊಡ್ಡದಾಗಿ ತೆರೆದಿತ್ತು. ಅದರ ಹೊಟ್ಟೆಯ ಪಕ್ಕಕ್ಕೆ ಅಂಟಿಕೊಂಡಂತೆ ಮಲ್ ಬಟ್ಟೆಯ ಪುಟ್ಟ ಗಂಟೊಂದಿತ್ತು, ಹಸಿರು ದಾರದಲ್ಲಿ ಕಟ್ಟಿದ್ದು.

ಅಪ್ಪ ಕಟ್ಟುತ್ತಿದ್ದದ್ದು ಕಪ್ಪು ದಾರ. ಹಸಿರು ಚಿಕ್ಕಪ್ಪನದು.

ಗಂಟು ಬಿಚ್ಚುವ ಮುಂಚೆಯೇ ಅವಳಿಗೆ ಒಳಗೇನಿದೆ ಎಂದು ಗೊತ್ತಾಯಿತು. ಆದರೂ ಬಿಚ್ಚಿದಳು. ಮೂಗಿನ ಮೀನು. ಕಾಣೆಯಾದದ್ದು. ಅದರ ಬಲಮಗ್ಗುಲಲ್ಲಿ, ಒಳಗಿನ ಮೂಳೆ ನೋಡಲು ಕೊಯ್ದ, ಅಪ್ಪನ ಕೈಯ ನೇರ ಗೀರು. ದೊಡ್ಡ ಮೀನನ್ನು ಮಗುಚಿ ನೋಡಿದಳು. ಅದರ ಬಲಮಗ್ಗುಲಲ್ಲೂ ಅಂಥದೇ ಗೀರು. ಸೂಕ್ಷ್ಮದರ್ಶಕದ ಕೆಳಗೆ ಒಂದಾದ ಮೇಲೆ ಒಂದನ್ನು ಇಟ್ಟಳು. ಬಾಲದ ಬುಡದ ಮೂಳೆಗಳು, ಬೆನ್ನಿನ ಈಜುರೆಕ್ಕೆಯ ಕಡ್ಡಿಗಳು ಕೂರುವ ರೀತಿ, ಮಗ್ಗುಲಿನ ರಂಧ್ರಗಳ ಸಾಲು, ಎಲ್ಲ ಒಂದೇ. ಒಂದು ದೊಡ್ಡದು, ಒಂದು ಚಿಕ್ಕದು, ಅಷ್ಟೇ.

ಬಾಯಿಯವರು ಹೆಂಡತಿಯರು, ಮೂಗಿನವರು ಗಂಡಂದಿರು. ಇದನ್ನೇ ಅಣ್ಣತಮ್ಮ ಇಬ್ಬರೂ ತುಂಬಿದ ಸಭೆಯಲ್ಲಿ ಅರ್ಧರ್ಧ ಹೇಳಿದ್ದರು. ಅವಮಾನ ಮಾಡುವ ಗಡಿಬಿಡಿಯಲ್ಲಿ ತಾವು ಏನು ಹೇಳುತ್ತಿದ್ದೇವೆಂದು ಇಬ್ಬರಿಗೂ ಕೇಳಿಸಿರಲಿಲ್ಲ. ಕೇಳಿದವರು ನಗುವುದರಲ್ಲಿದ್ದರು.

ಅಪ್ಪನಿಗೆ ಮಾತ್ರ ಆಮೇಲೆ ಕೇಳಿಸಿತ್ತು. ಒಂದು ಜಾಡಿಯಲ್ಲಿ ಒಂದೇ ಬಗೆಯ ಮೀನು ಇಡಬೇಕು ಎನ್ನುವುದು ಆ ಕೋಣೆಯ ಮೊದಲ ಪಾಠ. ಅದನ್ನು ಅವಳಿಗೆ ಕಲಿಸಿದ್ದೇ ಅಪ್ಪ. ಅಪ್ಪ ತಿಳಿಯದೆ ಎರಡನ್ನು ಒಂದೇ ಜಾಡಿಗೆ ಹಾಕುವವರಲ್ಲ.

"ಆ ಸಭೆ ಆದಮೇಲೆ ನಿಮ್ಮಪ್ಪನಿಗೆ ಊಟ ಸೇರ್ತಿರಲಿಲ್ಲ" ಅಂದಳು ಅಮ್ಮ. ಸಂಜೆ ಅವಳು ಜಾಡಿಯಲ್ಲಿ ಕಂಡದ್ದನ್ನು ಹೇಳಿದಾಗ ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. "ಒಂದು ದಿನ ಮಾತ್ರ ಕುಣಿಯುತ್ತಾ ಮನೆಗೆ ಬಂದ್ರು. ಲಾಟರಿ ಹೊಡೀತೋ ಏನೋ ಅಂದ್ಕೊಂಡೆ. ಕೈ ತೊಳೆಯೋಕೆ ಹೋದವರು ನಲ್ಲಿ ಬಿಟ್ಕೊಂಡು ಹಾಗೇ ನಿಂತುಬಿಟ್ರು. ಏನ್ರೀ ಅಂದೆ. 'ಹೇಳಿದ್ರೆ ಅವನಿಗೆ ಏನೂ ಉಳಿಯಲ್ಲ ಕಣೇ' ಅಂದ್ರು."

"ನೀನೇನೂ ಕೇಳಲಿಲ್ವಾ?"

"ನಲ್ಲಿ ನಿಲ್ಲಿಸಿದೆ." ಅಮ್ಮ ಇನ್ನೊಂದು ಪಾತ್ರೆ ಎತ್ತಿಕೊಂಡಳು. "ನೀನೂ ಸುಮ್ಮನಿದ್ದುಬಿಡು. ಆ ಮನುಷ್ಯನಿಗೆ ಹೆಂಡತಿ ಮಕ್ಕಳು ಅಂತ ಯಾರಿದ್ದಾರೆ? ಇರೋದು ಆ ಮೂಗಿನವರು. ಅದನ್ನೂ ಕಿತ್ಕೊಂಡ್ರೆ?"

"ಹಾಗಂತ ಅವರು ಸಾಯೋದನ್ನ ಕಾಯ್ತಾ ಕೂರಲಾ ಅಮ್ಮ?"

ಅಮ್ಮ ಪಾತ್ರೆ ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.

ಎರಡು ಕುಟುಂಬ ಒಂದೇ ಎಂದಾದರೆ ಮೊದಲು ಇಟ್ಟ ಹೆಸರು ಉಳಿಯುತ್ತದೆ, ಇನ್ನೊಂದು ಅಳಿಸಿಹೋಗುತ್ತದೆ. ಅದು ನಿಯಮ. ಮೊದಲು ಇಟ್ಟವರು ಅಪ್ಪ. ಅವಳು ಇದನ್ನು ಬರೆದು ಪ್ರಕಟಿಸಿದರೆ ಚಿಕ್ಕಪ್ಪ ಜೀವಮಾನವಿಡೀ ಕಟ್ಟಿದ್ದು ಅವಳ ಕೈಯಿಂದಲೇ, ಅದೂ ಅಪ್ಪನ ಹೆಸರಿಗೆ ಹೋಗುತ್ತದೆ. ಬರೆಯದಿದ್ದರೆ ಇವತ್ತಲ್ಲ ನಾಳೆ ಬೇರೆ ಯಾವುದೋ ದೇಶದವರು ಕಂಡುಹಿಡಿಯುತ್ತಾರೆ. ಆಗ ಚಿಕ್ಕಪ್ಪನಿಗೆ ಅದನ್ನು ಪರೀಕ್ಷಿಸಿ ನೋಡುವಷ್ಟು ಕಣ್ಣೂ ಇರುವುದಿಲ್ಲ. ಗುರುತಿಲ್ಲದವರ ಮಾತನ್ನು ನಂಬಬೇಕಾಗುತ್ತದೆ.

ಅವಳು ಪುಟ್ಟ ಮೀನನ್ನು ಮತ್ತೆ ಹಸಿರು ದಾರದ ಗಂಟಿನಲ್ಲಿ ಕಟ್ಟಿ, ಎರಡೂ ಮೀನುಗಳನ್ನು ಹೊಸ ಸ್ಪಿರಿಟ್ಟಿಗೆ ಹಾಕಿ ಜಾಡಿಯನ್ನು ಅದೇ ಮೂಲೆಗೆ ಇಟ್ಟಳು. ಸುಮ್ಮನಿರುವುದು ಏನೂ ಮಾಡದೆ ಇರುವುದು ಎಂದು ತಿಳಿದಿದ್ದಳು. ಹಾಗಲ್ಲ. ಅದು ಇಡೀ ದಿನದ ಕೆಲಸ. ಕಾರಿಡಾರಿನಲ್ಲಿ ಚಿಕ್ಕಪ್ಪ ಎದುರಾದರೆ ಮುಖವನ್ನು ಸಂಭಾಳಿಸಬೇಕು, ಜಾಡಿ ಇದ್ದ ಕಡೆ ನೋಡಬಾರದು, ನೋಡುತ್ತಿಲ್ಲ ಎಂಬುದೂ ಗೊತ್ತಾಗಬಾರದು. ಒಂದು ಮಧ್ಯಾಹ್ನ ಕಿಟಕಿಯ ಗಾಜಿನಲ್ಲಿ ತನ್ನ ಪ್ರತಿಬಿಂಬ ಕಂಡಳು. ಬೆನ್ನು ಬಾಗಿಸಿ, ಹಲಗೆಗೆ ಎಡಭುಜ ತಿರುಗಿಸಿ ಕೂತಿದ್ದಳು. ಅಪ್ಪ ಕೂರುತ್ತಿದ್ದದ್ದು ಹಾಗೆ. ಇಷ್ಟು ವರ್ಷವೂ ಅದನ್ನು ಅವಳು ಬೆನ್ನುನೋವು ಎಂದುಕೊಂಡಿದ್ದಳು.

ಟಕ್ ಟಕ್ ಈಗ ದಿನಾ ಬರುತ್ತಿತ್ತು. ಕೆಲವೊಮ್ಮೆ ಹಲಗೆಯಿಂದ, ಕೆಲವೊಮ್ಮೆ ಕಪಾಟಿನ ಕೆಳಸಾಲಿನಿಂದ. ಜೋರಾಗಿಯೇನಲ್ಲ. ಬಾಗಿಲು ತೆಗೆಯುತ್ತಾರೆಂದು ಗೊತ್ತಿದ್ದವರು ತಟ್ಟುವಂತೆ, ತಾಳ್ಮೆಯಿಂದ.

ಒಂದು ದಿನ ನಿಜವಾದ ಬಾಗಿಲೇ ಸದ್ದಾಯಿತು. ತೆಗೆದರೆ ಚಿಕ್ಕಪ್ಪ. ಹಲಗೆ ಬಂದ ಮೇಲೆ ಅವರು ಆ ಹೊಸ್ತಿಲಿಗೆ ಬಂದದ್ದು ಅದೇ ಮೊದಲು. ಒಳಗೆ ಬರಲಿಲ್ಲ.

"ಪುಟ್ಟೀ" ಅಂದರು. ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ ಕಾಲದ ಹೆಸರು. "ಏನಾದ್ರೂ ಹೇಳೋದಿದ್ರೆ ಬಾಗಿಲಿಂದ ಬಂದು ಹೇಳಮ್ಮ. ನಿಮ್ಮಪ್ಪನ ಹಾಗೆ ಹಲಗೆ ತಟ್ಟಬೇಡ. ತಲೆ ಕೆಟ್ಟುಹೋಗಿದೆ ನನಗೆ."

"ನಾನು ತಟ್ಟುತ್ತಿಲ್ಲ ಚಿಕ್ಕಪ್ಪ."

"ಮತ್ತೆ?"

"ನೀವು ಅಂದ್ಕೊಂಡಿದ್ದೆ."

ಇಬ್ಬರೂ ಸ್ವಲ್ಪ ಹೊತ್ತು ಹಲಗೆಯನ್ನು ನೋಡಿದರು. ಆಮೇಲೆ ಅವಳು ಹೋಗಿ ಕೆಳಸಾಲಿನ ಮೂಲೆಯಿಂದ ಜಾಡಿ ಎತ್ತಿಕೊಂಡಳು. "ಬನ್ನಿ, ನಿಮ್ಮ ಮೇಜಿಗೆ ಹೋಗೋಣ. ಅಲ್ಲಿ ಬೆಳಕು ಚೆನ್ನಾಗಿದೆ."

ಆಚಿನ ಕೋಣೆಯಲ್ಲಿ ಅವಳು ಗಂಟು ಬಿಚ್ಚಿ ಎರಡು ಮೀನನ್ನೂ ತಟ್ಟೆಯಲ್ಲಿಟ್ಟಳು. ಚಿಕ್ಕಪ್ಪ ಮೊದಲು ನೋಡಿದ್ದು ಮೀನನ್ನಲ್ಲ, ಹಸಿರು ದಾರವನ್ನು. ಬೆರಳಲ್ಲಿ ಸುತ್ತಿಕೊಂಡರು, ಬಿಚ್ಚಿದರು. ಆಮೇಲೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ಕಣ್ಣು ಸರಿಯಾಗಿ ಕಾಣದೆ ಒಂದೊಂದು ಮೂಳೆಗೂ ಬಹಳ ಹೊತ್ತು ಹಿಡಿಯಿತು. ಮೀನು ಬದಲಾಯಿಸಿದರು, ಮತ್ತೆ ಬದಲಾಯಿಸಿದರು. ಹೊರಗೆ ಯಾರೋ ಕಾರಿಡಾರು ಗುಡಿಸಿಕೊಂಡು ಹೋದರು.

ಕೊನೆಗೆ ತಲೆಯೆತ್ತದೆಯೇ ಅಂದರು, "ಕಳ್ಳ." ಸ್ವಲ್ಪ ಬಿಟ್ಟು, "ಕೇಳಿದ್ರೆ ನಾನೇ ಕೊಡ್ತಿರಲಿಲ್ವಾ?"

ಅವಳು ಮಲ್ ಬಟ್ಟೆಯನ್ನು ಮಡಿಸಿ ತಟ್ಟೆಯ ಪಕ್ಕಕ್ಕಿಟ್ಟಳು.

"ಕೊಡ್ತಿರಲಿಲ್ಲ" ಎಂದು ತಾವೇ ಅಂದರು.

ಅಮ್ಮ ಹೇಳಿದ ನಲ್ಲಿಯ ಕಥೆಯನ್ನು ಅವಳು ಆಗ ಹೇಳಿದಳು. ಅವರಿಗೆ ಸಮಾಧಾನವಾದೀತು ಎಂದುಕೊಂಡಿದ್ದಳು. ಚಿಕ್ಕಪ್ಪನ ಮುಖ ಬಿಗಿದುಕೊಂಡಿತು.

"ಇಷ್ಟು ವರ್ಷ ನನ್ನ ಮೇಲೆ ಕನಿಕರ ಪಟ್ಕೊಂಡು ಅಲ್ಲಿ ಕೂತಿದ್ನಾ? ನನಗೆ ಏನೂ ಉಳಿಯಲ್ಲ ಅಂತ?" ಹಸಿರು ದಾರವನ್ನು ಆಚೆ ತಳ್ಳಿದರು. "ಹೆಸರು ಉಳಿಸಿಕೊಟ್ಟ. ಸರಿ. ಅದನ್ನ ಇಟ್ಕೊಂಡು ನಾನು ಏನು ಮಾಡ್ದೆ ಹೇಳು. ಎದುರಿಗೆ ಕೂತು ಜಗಳ ಆಡೋಕೆ ಒಬ್ಬರಿರಲಿಲ್ಲ." ಮೂಗಿನ ಮೀನನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ಒಂದು ತುತ್ತೂ ತಿನ್ನದೆ, ಇರೋದನ್ನೇ ಕರಗಿಸ್ಕೊಂಡು, ಕತ್ತಲಲ್ಲಿ ಮೂಗು ಎಳೆದ ಕಡೆ ಹೋಗುತ್ತೆ ಇದು. ಯಾಕೆ ಅಂತ ನಾನು ಎಷ್ಟು ತಲೆ ಚಚ್ಕೊಂಡಿದ್ದೀನಿ ಗೊತ್ತಾ? ಅದು ಹುಡುಕ್ತಾ ಇದ್ದದ್ದು ಹಲಗೆಯ ಆ ಕಡೆ ಇತ್ತು."

"ನಾನು ಬರೀಬೇಕಾ ಚಿಕ್ಕಪ್ಪ, ಬೇಡ್ವಾ?"

"ಬರಿ. ನನಗೆ ಕಣ್ಣಿರೋವಾಗಲೇ ಬರಿ." ಕನ್ನಡಕ ಒರೆಸಿಕೊಂಡರು. "ಅವನ ಹೆಸರೇ ಉಳಿಯಲಿ. ನನಗಿಂತ ಮೊದಲು ಹುಟ್ಟಿದ, ಮೊದಲು ಹೆಸರಿಟ್ಟ, ಮೊದಲು ಹೋದ. ಎಲ್ಲದಕ್ಕೂ ಅವಸರ ಅವನಿಗೆ." ಆಮೇಲೆ ಏನೋ ಹೊಳೆದಂತೆ, "ಹಾಗಾದ್ರೆ ಇವರ ಮಕ್ಕಳೆಲ್ಲಿ?"

"ಕಾರಿಡಾರಿನ ಕಪಾಟಿನಲ್ಲಿ, ಆ ಬಾಲದವು ಇರಬಹುದು. ಇನ್ನೂ ನೋಡಬೇಕು."

"ಇಬ್ಬರೂ ದಿನಾ ಅದರ ಮುಂದೆಯೇ ಓಡಾಡಿದ್ವಿ" ಅಂದರು. ಹಾಗನ್ನುವಾಗ ಅವರು ನೋಡಿದ್ದು ಬಾಗಿಲ ಕಡೆಯಲ್ಲ, ಅವಳ ಕಡೆ.

ಮೀನುಗಳನ್ನು ಮತ್ತೆ ಒಂದೇ ಜಾಡಿಗೆ ಇಳಿಸಿದರು. ಈ ಸಲ ಗಂಟು ಕಟ್ಟಲಿಲ್ಲ. ಮುಚ್ಚಳಕ್ಕೆ ಗ್ರೀಸು ಸವರಿ ಮುಚ್ಚಿ, ಜಾಡಿಯನ್ನು ಅರ್ಧ ಮೇಜಿನ ತುದಿಗೆ, ಹಲಗೆಗೆ ತಾಗುವಂತೆ ತಳ್ಳಿದರು.

"ಅವನು ಹೋದ ದಿನದಿಂದ ತಟ್ಟುತ್ತಾ ಇದ್ದಾನೆ" ಅಂದರು ಮೆಲ್ಲಗೆ. "ಹಲಗೆ ತಟ್ಟಬೇಡ ಅಂತ ನಿನಗೆ ಅಂದೆನಲ್ಲ, ನೀನು ಅಂದ್ಕೊಂಡವನ ಹಾಗೆ, ಅದು ಸುಳ್ಳು. ನನಗೆ ಗೊತ್ತಿತ್ತು. ಉತ್ತರ ಕೊಡೋಕೆ ನನಗೇ ಮನಸ್ಸಾಗಲಿಲ್ಲ."

ಉಗುರಿನಿಂದ ಮುಚ್ಚಳದ ಮೇಲೆ ಎರಡು ಸಲ ತಟ್ಟಿದರು. ಟಕ್ ಟಕ್.

ಹಲಗೆಯ ಆಚೆ ಅಪ್ಪನ ಕೋಣೆ ಖಾಲಿ ಇತ್ತು. ಅಲ್ಲಿಂದ ಏನೂ ಬರಲಿಲ್ಲ. ಚಿಕ್ಕಪ್ಪ ಕಾದರು, ಮತ್ತೆ ತಟ್ಟಿದರು. ಏನೂ ಇಲ್ಲ. ಸ್ಪಿರಿಟ್ಟಿನಲ್ಲಿ ಪುಟ್ಟ ಮೀನು ಮೆಲ್ಲಗೆ ಇಳಿದು ದೊಡ್ಡದರ ಮಗ್ಗುಲಿಗೆ ತಾಗಿ ನಿಂತಿತು.

"ನೋಡಿದೆಯಾ" ಅಂದರು ಚಿಕ್ಕಪ್ಪ. ನಗುವುದಕ್ಕೆ ನೋಡಿದರು, ಆಗಲಿಲ್ಲ. "ಈಗ ನಾನು ಮಾತಾಡಿಸಿದ್ರೆ ಇವನು ಆಡಲ್ಲ. ಅದೇ ಹಟ."

ಉಗುರನ್ನು ಗಾಜಿನಿಂದ ತೆಗೆಯದೆ, ಹಲಗೆಗೆ ಕಿವಿ ಕೊಟ್ಟು ಕೂತರು. ಅವಳು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಕಿಟಕಿಯ ಬಿಸಿಲು ಮೇಜಿನ ಗರಗಸದ ಅಂಚಿನವರೆಗೂ ಬಂದು ಅಲ್ಲಿಂದ ಹಿಂದೆ ಸರಿಯತೊಡಗಿತು. ಇಬ್ಬರಿಗೂ ಏಳಬೇಕೆನಿಸಲಿಲ್ಲ.