ಸಪ್ಪಳದ ಮದ್ದು

ಫ್ಯಾನಿನ ರೆಕ್ಕೆಗಳು ಒಂದೊಂದಾಗಿ ಕಣ್ಣಿಗೆ ಬೀಳತೊಡಗಿದವು, ನಿಧಾನವಾದವು, ನಿಂತವು — ಬಂದೂಕಿನ ಮದ್ದು ಹಾರಬಾರದೆಂದು ಅಂಗಡಿಯ ಮಹಾಲಿಂಗನೇ ಗುಂಡಿ ಒತ್ತಿದ್ದು, ಹಳೆಯ ಪೇಪರಿನ ಮೇಲೆ ಆ ಕಡೆ ಒಂದು ಚಿಟಿಕೆ, ಈ ಕಡೆ ಒಂದು ಚಿಟಿಕೆ ಸುರಿದು ನಿಂತಿದ್ದಾನೆ, ನೋಡ್ರಿ ಅಕ್ಕಾರ, ಇದು ದಪ್ಪಂದು, ಇದು ಸಣ್ಣಂದು, ನಿಮ್ಮ ಲಾಯ್ಸನ್ಸಿಗೆ ಒಂದ ಡಬ್ಬಿ ಬರತೈತಿ, ಯಾವುದು ಕೊಡ್ಲಿ, ಭಾಗ್ಯಾ ನೋಡುತ್ತಾಳೆ, ಒಂದು ಸಾಸಿವೆಯ ಹಾಗೆ, ಇನ್ನೊಂದು ಕಸಕಸೆಯ ಹಾಗೆ, ಬೆಳಿಗ್ಗೆ ಶಾಲೆಯ ಬಿಸಿಯೂಟಕ್ಕೆ ಒಗ್ಗರಣೆ ಕೊಟ್ಟು ಬಂದ ಕೈ ಇನ್ನೂ ಎಣ್ಣೆಯ ವಾಸನೆ ಹೊಡೆಯುತ್ತಿದೆ, ಈ ಎರಡಕ್ಕೂ ವಾಸನೆಯೇ ಇಲ್ಲ, ಎರಡೂ ಕಪ್ಪು, ಎರಡೂ ಸುಮ್ಮನೆ ಬಿದ್ದುಕೊಂಡಿವೆ, ಹಿಂದೆ ಬೆಂಚಿನ ಮೇಲೆ ಕೂತ ಮುದುಕ ಎಲೆಯಡಿಕೆ ಜಗಿಯುತ್ತ ಅನ್ನುತ್ತಾನೆ, ಹೆಣ್ಮಕ್ಕಳ ಮದ್ದಿಗಿ ಬರಾಕತ್ರು ಅಂದ್ರ ಇನ್ನ ನಾವ ಮನ್ಯಾಗ ಉಪ್ಪಿಟ್ಟ ತಿರವೂದಾತು ನೋಡೋ ಮಹಾಲಿಂಗಾ, ಮಹಾಲಿಂಗ ಅನ್ನುತ್ತಾನೆ, ನೀ ತಿರಿವಿದ ಉಪ್ಪಿಟ್ಟ ನಾಯಿನೂ ಮೂಸಾಂಗಿಲ್ಲ ಬಿಡೋ ಕಾಕಾ, ಇಬ್ಬರೂ ನಗುತ್ತಾರೆ, ಅವಳ ತುಟಿಯೂ ಸರಿಯಿತು, ಅದು ನಗೆಯೋ ಏನೋ, ಈಚೆಗೆ ತುಟಿ ತನ್ನಷ್ಟಕ್ಕೆ ತಾನೇ ಕೆಲಸ ಮಾಡಿಕೊಂಡು ಹೋಗುತ್ತದೆ, ಕೈಯೂ ಹಾಗೇ, ಕಾಲೂ ಹಾಗೇ — ಸಣ್ಣಂದ ತಗೊಂಡ ಬಾ ಭಾಗ್ಯಾ, ದೇವರ ಮುಂದ ಸಪ್ಪಳ ಕಮ್ಮಿ ಬೀಳಬಾರದು, ಮನೆಯಿಂದ ಹೊರಡುವಾಗ ಗಂಡ ಹೊಳೆಪ್ಪ ಹೇಳಿದ್ದು, ಅವಳು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು, ಅವನು ಅವಳು ಇಲ್ಲದ ಕಡೆಗೆ, ಬಾಗಿಲ ಚೌಕಟ್ಟಿಗೆ ಮುಖ ಮಾಡಿ ಮಾತಾಡಿದ, ಕಣ್ಣಿದ್ದಾಗ ಹೆಂಡತಿಯ ಮುಖ ನೋಡಿ ಮಾತಾಡಿದವನೇ ಅಲ್ಲ, ಈಗ ಚೌಕಟ್ಟನ್ನಾದರೂ ನೋಡುತ್ತಾನೆ, ಹೂಂ ಅಂದಿದ್ದಳು, ಅತ್ತೆ ಕರೆವ್ವ ಒಳಗಿನಿಂದ, ಬರೇ ಹೂಂ ಅನಬ್ಯಾಡ, ಸಪ್ಪಳ ಕುಗ್ಗಿತಂದ್ರ ಮುಂದಿನ ವರ್ಷ ಕಾಮಣ್ಣನ ಮನ್ಯಾವ್ರಿಗಿ ಹೋಗತೈತಿ ಮಾನ, ಅಂದಳು, ಮಾನ ಅಂದರೆ ದೇವರ ಮುಂದೆ ಬಂದೂಕಿನ ಈಡು ಹಾರಿಸುವ ಮಾನ, ಬೀರಪ್ಪನ ಪಲ್ಲಕ್ಕಿ ಸೀಮೆಗೆ ಬಂದಾಗ ಮೊದಲ ಈಡು ಈ ಮನೆಯದೇ, ಮಾವ ಹಾರಿಸಿದ, ಮಾವನ ನಂತರ ಹೊಳೆಪ್ಪ, ಈಗ ಲಾಯ್ಸನ್ಸು ಅವಳ ಹೆಸರಿಗೆ ಆಗಿದೆ, ಗುಡಿಯ ಹಿರಿಯರೇ ಬೇರೆ ಬಂದೂಕು ಕೊಡಿಸಿದ್ದಾರೆ, ಸೊಸಿ ಆದ್ರೇನಾತು, ಮನಿತನ ಒಂದ ಅಲ್ಲೇನು ಅಂದರು, ಅಂದು ಎದ್ದು ಹೋದರು, ನಿನಗ ಹೆದರಿಕಿ ಐತೇನವಾ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಏನು ಹೇಳುತ್ತಿದ್ದಳೋ.

ಸಣ್ಣಂದು ಹೊಡತಕ್ಕ ಹತ್ತತೈತ್ರಿ ಅಕ್ಕಾರ, ಮಹಾಲಿಂಗ ಬೆರಳಿನಿಂದ ಕಸಕಸೆಯನ್ನು ಹರಡುತ್ತಾನೆ, ಅರಿವಿ ಚಿಂದಿ ತುರುಕಿ ಬರೇ ಈಡ ಹಾರಿಸವ್ರಿಗಿ ಛಲೋ, ಸಪ್ಪಳ ಜೋರ, ಆದ್ರ ಇದರ ಮ್ಯಾಲ ಗುಂಡ ಹಾಕಬಾರದ್ರಿ ಮತ್ತ, ಬಂದೂಕಿನ ನಳಿಗಿ ತಡ್ಯಾಂಗಿಲ್ಲ — ತಡ್ಯಾಂಗಿಲ್ಲ, ಎಷ್ಟು ಸಲೀಸಾಗಿ ಅಂದುಬಿಟ್ಟ, ಮನೆಯಲ್ಲಿ ಇಷ್ಟು ದಿನ ಯಾರ ಬಾಯಿಂದಲೂ ಬಾರದ ಮಾತು, ಮನೆಯಲ್ಲಿ ಎಲ್ಲರೂ ಅನ್ನುವುದು ನಳಿಗಿ ಹಳೇದಿತ್ತು ಎಂದು, ನೋಡಲು ಬಂದವರಿಗೆಲ್ಲ ಅತ್ತೆ ಅದನ್ನೇ ಹೇಳಿದಳು, ಹೊಳೆಪ್ಪ ಆಸ್ಪತ್ರೆಯ ಮಂಚದ ಮೇಲೆ ಪಟ್ಟಿ ಕಟ್ಟಿದ ಮುಖದಿಂದ ಅದನ್ನೇ ಹೇಳಿದ, ಭಾಗ್ಯಾ ಸಹ ಹೇಳಿದ್ದಾಳೆ, ಹೇಳುತ್ತ ಹೇಳುತ್ತ ನಳಿಗೆಗೆ ನಿಜಕ್ಕೂ ವಯಸ್ಸಾಗಿತ್ತೇನೋ ಅನ್ನಿಸಿದ್ದೂ ಉಂಟು, ಆದರೆ ಪಲ್ಲಕ್ಕಿ ಮುಗಿದು ಉಳಿದ ಸಣ್ಣ ಮದ್ದನ್ನು ಅತ್ತೆಯೇ ಅರಿಶಿನದ ಭಂಡಾರ ಹಾಕಿ ಜಗುಲಿಯ ಮೇಲೆ ದೇವರ ಪಕ್ಕ ಇಟ್ಟಿದ್ದಳು, ದೇವರ ಮುಂದೆ ಬಂದ ಮದ್ದನ್ನು ಚೆಲ್ಲುವ ಹಾಗಿಲ್ಲ, ಯಾರ ಮನೆಯಲ್ಲೂ ಚೆಲ್ಲುವುದಿಲ್ಲ, ಆಮೇಲೆ ಗೊಂಜಾಳದ ಬೆಳೆಗೆ ಹಂದಿ ಬಿದ್ದವು, ಹೊಲಕ್ಕೆಂದು ಇಟ್ಟ ದಪ್ಪ ಮದ್ದು ತೀರಿತ್ತು, ದೇವರದ ಐತಲ್ಲ, ಅದನ್ನ ಒಯ್ಯಿ, ದೇವರ ಕಾಯತಾನ — ಅಂದವಳು ಅತ್ತೆ, ತೆಗೆದುಕೊಂಡು ಹೋದವನು ಗಂಡ, ಡಬ್ಬಿಯನ್ನು ಜಗುಲಿಯಿಂದ ಇಳಿಸಿ ಕೊಟ್ಟ ಕೈ ಭಾಗ್ಯಾಳದು, ಹೀಗಾದೀತೆಂದು ಯಾರಿಗೆ ಗೊತ್ತಿತ್ತು, ಮೂವರಿಗೂ ಗೊತ್ತಿರಲಿಲ್ಲ, ಅವನು ದೇವರಿಗೆ ಹಾಕುವ ಅಳತೆಯನ್ನೇ ಹಾಕಿದ, ಮೇಲೆ ಗುಂಡು ಇಳಿಬಿಟ್ಟು ಗಜದ ಸಲಾಕೆಯಿಂದ ಜಡಿದ, ಸಪ್ಪಳ ಮನೆಯವರೆಗೆ ಕೇಳಿತ್ತು, ಈಡು ಛಲೋ ಹಾರಿತು ಎಂದುಕೊಂಡು ಅವಳು ರೊಟ್ಟಿ ತಿರುವಿ ಹಾಕಿದ್ದಳು, ಆ ರೊಟ್ಟಿ ಉಬ್ಬಿತ್ತು, ನಳಿಗೆ ಸಿಡಿದು ಎಡಗೈಯ ಬೆರಳು ಹೋದವು, ಕಣ್ಣು ಎರಡೂ ಹೋದವು, ನಳಿಗಿ ಹಳೇದಿತ್ತು.

ಹಾಂಗಾದ್ರ ಸಣ್ಣಂದ ಕಟ್ಲೇನ್ರಿ, ಮಹಾಲಿಂಗ ಕೇಳುತ್ತಾನೆ, ಸಣ್ಣದನ್ನು ಒಯ್ದರೆ ಈಡು ಜೋರಾಗಿ ಹಾರುತ್ತದೆ, ಮಾನ ಉಳಿಯುತ್ತದೆ, ಉಳಿದ ಮದ್ದು ಜಗುಲಿ ಏರುತ್ತದೆ, ಭಂಡಾರ ಬೀಳುತ್ತದೆ, ಹಂದಿ ಬರುತ್ತವೆ, ಬಾರದೆ ಇರುತ್ತವೆಯೇ, ಆಗ ಅತ್ತೆ ಅನ್ನುತ್ತಾಳೆ ದೇವರದ ಐತಲ್ಲ ಎಂದು, ಈ ಸಲ ಬಂದೂಕು ಹಿಡಿಯುವವಳು ತಾನು, ಆ ಮನೆಯ ದೊಡ್ಡವರಲ್ಲಿ ಉಳಿದಿರುವ ನೆಟ್ಟಗಿನ ಕಣ್ಣು ತನ್ನವೇ, ಅತ್ತೆಯವಕ್ಕೆ ಪೊರೆ ಬಂದಿದೆ — ಹೆದರಿಕೆ ಆಗಬೇಕಿತ್ತು, ಹುಡುಕಿದಳು, ಎದೆಯೊಳಗೆ ಬೆರಳಾಡಿಸಿದ ಹಾಗೆ ಹುಡುಕಿದಳು, ಸಿಗಲಿಲ್ಲ, ಬಸ್ಸಿನ ಹೊತ್ತಾಯಿತು ಅನ್ನುವುದಷ್ಟೇ ಸಿಕ್ಕಿತು, ದಪ್ಪಂದ ಕೊಡ್ರಿ, ಮಹಾಲಿಂಗ ತಲೆ ಎತ್ತಿದ, ಈಡಿಗಿ ಅಂದ್ರೆಲ್ಲ, ದಪ್ಪಂದಕ್ಕ ಸಪ್ಪಳ ಕುಗ್ಗತೈತ್ರಿ, ಕುಗ್ಗಲ್ರಿ, ಅಂದಳು, ಅಂದದ್ದು ತಾನೇ ಹೌದೋ ಎಂದು ಮುದುಕನ ಕಡೆ ತಿರುಗಿ ನೋಡಿದಳು, ಮುದುಕ ಜಗಿಯುವುದನ್ನು ನಿಲ್ಲಿಸಿದ್ದ.

ಬಸ್ಸು ಹುನ್ನೂರ ದಾಟುತ್ತದೆ, ಮುಂದೆ ಕಬ್ಬಿನ ಟ್ರ್ಯಾಕ್ಟರು, ಅದರ ಹಾಡು ಕಿಟಕಿಯೊಳಗೆ ನುಗ್ಗುತ್ತದೆ, ಡಬ್ಬಿ ಚೀಲದೊಳಗೆ ಮಕ್ಕಳ ಬಿಸ್ಕೀಟಿನ ಪಕ್ಕ, ಕರೆವ್ವ ಡಬ್ಬಿ ತೆರೆದರೂ ಅವಳಿಗೆ ಕಾಣುವುದಿಲ್ಲ, ಹೊಳೆಪ್ಪನಿಗೂ ಕಾಣುವುದಿಲ್ಲ, ಕುರುಡರಿಬ್ಬರಿಗೆ ಮೋಸ ಮಾಡುವುದು ಎಷ್ಟು ಹಗುರ, ಹೀಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಗಬೇಕಿತ್ತು, ಅದೂ ಆಗಲಿಲ್ಲ — ಮದ್ದ ತಂದಿ ಏನವಾ, ಅಂಗಳದಲ್ಲೇ ಅತ್ತೆ, ತಂದೀನ್ರಿ ಅತ್ತಿ, ಇಲ್ಲಿ ತಾ, ಇದು ಹೊಳೆಪ್ಪ, ಕಟ್ಟೆಯ ಮೇಲೆ ಕೂತವನು ಬಲಗೈ ಚಾಚಿದ್ದಾನೆ, ಆ ಕೈ ಅವಳಿಗೆ ನೆನಪೇ ಇರಲಿಲ್ಲ, ಕಣ್ಣು ನೆನಪಿತ್ತು, ಕೈ ಮರೆತಿತ್ತು, ಕೊಟ್ಟಳು, ಡಬ್ಬಿಯನ್ನು ಮೊಳಕಾಲ ನಡುವೆ ಒತ್ತಿ ಮುಚ್ಚಳ ತೆಗೆದ, ಒಂದು ಚಿಟಿಕೆ ಎತ್ತಿದ, ಹೆಬ್ಬೆರಳು ತೋರುಬೆರಳ ಮೇಲೆ ತಿರುಗಿತು, ನಿಂತಿತು, ಮತ್ತೆ ತಿರುಗಿತು, ಹುಡುಗನಿದ್ದಾಗಿನಿಂದ ಮದ್ದು ಮುಟ್ಟಿದ ಬೆರಳು, ಸಾಸಿವೆ ಯಾವುದು ಕಸಕಸೆ ಯಾವುದು ಅದಕ್ಕೆ ಗೊತ್ತಿಲ್ಲದೆ ಇರುತ್ತದೆಯೇ, ಭಾಗ್ಯಾ ಚೀಲ ಹಿಡಿದುಕೊಂಡೇ ನಿಂತಿದ್ದಾಳೆ, ಅತ್ತೆ ಕಣ್ಣು ಕಿರಿದು ಮಾಡಿ ಕೇಳುತ್ತಾಳೆ, ಸಣ್ಣಂದ ಐತೇನೋ ಹೊಳೆಪ್ಪಾ, ಹೆಬ್ಬೆರಳು ತಿರುಗುತ್ತಿದೆ, ಏ, ನಿನ್ನ ಕೇಳಾಕತ್ತೇನಿ, ಸಣ್ಣಂದ ಐತೇನು — ಹೂಂ ಬೇ, ಅಂದ ಹೊಳೆಪ್ಪ, ಸಣ್ಣಂದ ಐತಿ, ಛಲೋದ ತಂದಾಳ, ಮುಖ ಈ ಸಲ ಚೌಕಟ್ಟಿನ ಕಡೆಗಿರಲಿಲ್ಲ, ಅವಳು ನಿಂತಲ್ಲಿಗೇ ಇತ್ತು, ಅತ್ತೆ ಡಬ್ಬಿ ಇಸಿದುಕೊಂಡು ಜಗುಲಿಗೆ ಹೋದಳು, ಚಿಟಿಕೆಯ ಮದ್ದೆಲ್ಲ ಉದುರಿ ಹೋಗಿತ್ತು, ಬೆರಳ ನಡುವೆ ಏನೂ ಇರಲಿಲ್ಲ, ಹೆಬ್ಬೆರಳು ತಿರುಗುತ್ತಿತ್ತು, ತಿರುಗುತ್ತಿತ್ತು, ಏನೂ ಇಲ್ಲದ್ದನ್ನು ತಿಕ್ಕುತ್ತ ಆ ಹೆಬ್ಬೆರಳು