ಯಾರಿಗೆ ಎಷ್ಟಾಯ್ತು

“ಮೊದ್ಲು ಇಷ್ಟಗಲ ಕೆಂಪಿತ್ತು. ಈಗ ಇಷ್ಟೇ ಐತಲ್ಲ ಮೇಡಂ?”

ಡಾಕ್ಟರ ಕಂಪ್ಯೂಟರಿನಲ್ಲಿ ಗಂಡನ ಮೆದುಳಿನ ಎರಡು ಸ್ಕ್ಯಾನ್ ಚಿತ್ರ, ಹಳೆಯದು ಮತ್ತು ಇವತ್ತಿನದು, ನೋಡಿ ಶ್ಯಾಮಲಾ ಕೇಳಿದಳು. ಡಾಕ್ಟರ್ ಹೇಳಿದಂತೆ ಐದು ವಾರ ದಿನಾ ಅರ್ಧ ಗಂಟೆ ಅವನನ್ನು ಕೂರಿಸಿ ಅಂಕಿಗಳನ್ನು ತಿರುಗಾಮುರುಗಾ ಹೇಳಿಸಿದವಳು ಅವಳೇ. ಇದ್ದದ್ದನ್ನೂ ಕಳೆದುಬಿಟ್ಟೆನೇ ಎಂದು ಹೆದರಿದಳು.

ಚಲಪತಿ ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಇಪ್ಪತ್ತು ವರ್ಷ ಪಾನಿಪೂರಿ ಮಾರಿದವನು. ಗಾಡಿಯ ಸುತ್ತ ಎಂಟು ಜನ ಮುತ್ತಿದರೂ ಯಾರಿಗೆ ಎಷ್ಟಾಯ್ತು, ಯಾರಿಗೆ ಈರುಳ್ಳಿ ಬೇಡ ಎಲ್ಲ ತಲೆಯಲ್ಲೇ ಇರುತ್ತಿತ್ತು. ಹೋದ ವರ್ಷ ಸ್ಟ್ರೋಕ್ ಹೊಡೆಯಿತು. ಕೈಕಾಲು ಬಂದವು, ಮಾತು ಬಂತು, ಇದೊಂದು ಬರಲಿಲ್ಲ. ಇಬ್ಬರು ನಿಂತರೂ ಸಾಕು, ಆರಾರು ಕೊಡಬೇಕಾದಲ್ಲಿ ಒಬ್ಬರಿಗೆ ಎಂಟು ಪೂರಿ, ಇನ್ನೊಬ್ಬರಿಗೆ ನಾಲ್ಕು. ಜನ ನಕ್ಕರು. ಅವನು ಸೌಟು ಹೆಂಡತಿಯ ಕೈಗಿಟ್ಟು ಹಳೆ ಗಣಿ ಕಾಲೋನಿಯಾದ ಮೈಸೂರು ಮೈನ್ಸಿನ ಮನೆ ಸೇರಿದ. ಗಾಡಿ ಹೇಗೋ ನಡೆಯುತ್ತಿತ್ತು. ಅವನು ಗೋಡೆ ನೋಡುತ್ತ ಕೂರುವುದನ್ನು ಮಾತ್ರ ಅವಳಿಗೆ ಸಹಿಸಲಾಗುತ್ತಿರಲಿಲ್ಲ.

ಡಾಕ್ಟರ್ ಅರ್ಚನ ನಕ್ಕರು. “ಆಗ ಮೂರು ಅಂಕಿ ಹಿಡಿದಿಟ್ಟುಕೊಳ್ಳೋಕೆ ಮೆದುಳು ಅಷ್ಟೆಲ್ಲ ಒದ್ದಾಡ್ತಿತ್ತು. ಈಗ ಅದೇ ಮೂರಕ್ಕೆ ಇಷ್ಟು ಸಾಕು. ಅಭ್ಯಾಸ ಆಗಿದೆ, ಅದಕ್ಕೆ ಶ್ರಮ ಕಡಿಮೆ. ಆದ್ರೆ ಗಾಡಿ ಹತ್ರ ಏನಾಗುತ್ತೋ ನಾನು ಹೇಳಲಾರೆ. ಅದನ್ನ ನೀವೇ ನೋಡ್ಬೇಕು.”

ಸಂಜೆ ಗಾಡಿಯ ಹತ್ತಿರ ಚಲಪತಿ ತಾನೇ ಸೌಟು ಎತ್ತಿಕೊಂಡ.

“ತಪ್ಪೋದ್ರೆ?” ಎಂದಳು ಶ್ಯಾಮಲಾ.

“ತಪ್ಪೋದ್ರೆ ಒಂದು ಪೂರಿ ತಾನೇ, ಬುಡು.” ಹಾಗಂದನಾದರೂ ದೊನ್ನೆಗಳನ್ನು ಎರಡೆರಡು ಸಲ ಎಣಿಸಿಟ್ಟ.

ನಾಲ್ವರು ಬಂದರು. ಪ್ಲೇಟಿಗೆ ಆರು. ಅವನು ಪೂರಿ ಒಡೆದು, ತಿಳಿ ಪಾನಿ ತುಂಬಿ, ಸುತ್ತಿಗೊಂದರಂತೆ ಒಬ್ಬೊಬ್ಬರ ದೊನ್ನೆಗೂ ಹಾಕತೊಡಗಿದ. ಶ್ಯಾಮಲಾ ಸೆರಗಿನ ಮರೆಯಲ್ಲಿ ಬೆರಳು ಮಡಿಸುತ್ತ ಎಣಿಸುತ್ತಿದ್ದಳು. ನಡುವೆ ಯಾರೋ ಬಂದು ಬೂದಿಕೋಟೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು. ಚಲಪತಿ ಉತ್ತರ ಕೊಟ್ಟ. ಅಷ್ಟರಲ್ಲಿ ಅವಳ ಎಣಿಕೆಯೇ ತಪ್ಪಿಹೋಯಿತು.

ಕಾಲೇಜು ಹುಡುಗಿಯೊಬ್ಬಳು ದೊನ್ನೆ ಎಸೆಯಲು ಹೊರಟಳು.

“ಎಲ್ಲಿಗೆ ಓಯ್ತೀಯಮ್ಮಾ? ನಿಂಗೆ ಐದೇ ಆಗಿರೋದು, ಇನ್ನೊಂದೈತೆ” ಎಂದ ಚಲಪತಿ.

ಹುಡುಗಿ ಒಂದು ಗಳಿಗೆ ಯೋಚಿಸಿ, “ಹೌದಲ್ವಾ!” ಎಂದು ದೊನ್ನೆ ಮತ್ತೆ ಚಾಚಿದಳು.

ಶ್ಯಾಮಲಾ ಗಾಡಿಯ ಹಿಂದಿನಿಂದ ಸುತ್ತಿ ಬಂದಳು. ಗಿರಾಕಿಗಳ ನಡುವೆ ಜಾಗ ಮಾಡಿಕೊಂಡು, ಒಂದು ದೊನ್ನೆ ತೆಗೆದು ಗಂಡನ ಮುಂದೆ ಹಿಡಿದಳು.

“ನಂಗೂ ಆಕು.”