ಅಜ್ಜಿಯ ಗುಬ್ಬಚ್ಚಿ ಕೋವಿ

"ಅಮ್ಮಾ, ಇದ್ರಲ್ಲಿ ಹೊಡೆದ್ರೆ ಎಲ್ಕ್ ಸಾಯಲ್ಲ. ಸೊಳ್ಳೆ ಕಚ್ತು ಅಂತ ಮೈ ಕೆರ್ಕೊಂಡು ಹೋಗತ್ತೆ," ಅಂದ ವೆಂಡೆಲ್ ಮಾವ.

ನೆಡ್ರಾಜ್ಜಿ ತನ್ನ ಟೂ-ಫಾರ್ಟಿ-ತ್ರೀ ಒರೆಸ್ತಾ ಇದ್ಲು. ಸಣ್ಣ ಗುಂಡಿನ ಕೋವಿ, ಒದೆತ ಕಮ್ಮಿ. ಬೇಸಿಗೇಲಿ ಭುಜದ ಆಪರೇಷನ್ ಆದ್ಮೇಲೆ ಅವಳ ಕೈಗೆ ಆಗೋದು ಅದೊಂದೇ. ಆರು ವರ್ಷ ಅರ್ಜಿ ಹಾಕಿ, ಈ ಸಲ ಹೆಣ್ಣು ಎಲ್ಕ್, ಅಂದ್ರೆ ಕುದುರೆ ಗಾತ್ರದ ಜಿಂಕೆ, ಹೊಡೆಯೋ ಪರ್ಮಿಟ್ ಲಾಟರೀಲಿ ಸಿಕ್ಕಿದೆ. ಆದ್ರೆ ಬೆಟ್ಟ ಹತ್ತೋ ಗಾಡಿ ಮಾವಂದು.

"ಈ ಗುಬ್ಬಚ್ಚಿ ಗನ್ ತಂದ್ರೆ ನನ್ ಗಾಡೀಲಿ ಜಾಗ ಇಲ್ಲ. ಪ್ರಾಣಿ ಗಾಯ ಆಗಿ ಒದ್ದಾಡೋದು ನಂಗೆ ಬೇಡ," ಅಂದ ಮಾವ.

ಅದು ನ್ಯಾಯವಾದ ಮಾತೇ. ಹೇಳಿದ ಸ್ಟೈಲ್ ಮಾತ್ರ ಪಕ್ಕಾ ವಿಲನ್ದು. ಇಂಥ ಟೈಮಲ್ಲೇ ಅಲ್ವಾ ನನ್ನ ಎಂಟ್ರಿ?

ಜಲ್ಲಿ ಗುಂಡಿ ಹತ್ರ ಗುರಿ ಸರಿ ಮಾಡೋಕೆ ಹೋದ್ವಿ. ಮಾವನ ದೊಡ್ಡ ಮ್ಯಾಗ್ನಮ್ ಕೋವಿಗೆ ತೋಟಾ ತುಂಬಿಸೋ ಕೆಲ್ಸ ನಂದು. ಮೂರನೇದಾಗಿ, ಒಳಗೆ ಮದ್ದೇ ಇಲ್ಲದ ಡಮ್ಮಿ ಇಟ್ಟೆ. ಎರಡು ಢಮ್ ಢಮ್ ಅಂತು. ಮೂರನೇದು ಬರೀ ಟಿಕ್.

ಶಬ್ದ ಇಲ್ಲ, ಒದೆತ ಇಲ್ಲ. ಆದ್ರೂ ಮಾವನ ಎರಡೂ ಕಣ್ಣು ಮುಚ್ಚಿದ್ವು, ಕೋವಿ ಮೂತಿ ನೆಲಕ್ಕೆ ಬಗ್ಗಿತ್ತು. ಒದೆತದ ಭಯ!

"ಮಾವಾ, ನಿನ್ ಗನ್ ಆನೇನೂ ಕೆಡವತ್ತೆ. ಆದ್ರೆ ನೀನ್ ಹೊಡಿಯೋದು ಭೂಮ್ತಾಯಿಗೆ!"

"ಲೇ ಟ್ಯಾನರ್, ನಿನ್ನ…" ಅಂತ ಮಾವ ಎದ್ದ. ಅಷ್ಟರಲ್ಲಿ ಪಕ್ಕದಲ್ಲಿ ಕೂತ್ಕೊಂಡು ಅಜ್ಜಿ ಮೂರು ಗುಂಡು ಹೊಡೆದ್ಲು. ಗುರಿ ಹಲಗೆ ಹತ್ರ ಹೋಗಿ ನೋಡಿದ್ವಿ. ಮೂರೂ ತೂತು ಒಂದು ಬಿಸ್ಕತ್ತಲ್ಲಿ ಮುಚ್ಚೋ ಅಷ್ಟು ಹತ್ರ.

ಮಾವ ತಲೆ ಕೆರ್ಕೊಂಡ. "ಸರಿ, ಬಾಮ್ಮ. ಆದ್ರೆ ನಾನು ಹೊಡಿ ಅಂದಾಗ ಹೊಡೀಬೇಕು."

"ಟ್ರಿಗರ್ ಮೇಲಿರೋದು ನನ್ ಬೆರಳು ಕಣೋ."

ಶನಿವಾರ ಬೆಳಿಗ್ಗೆ ಹಿಮದ ಮೇಲೆ ಮೂವರೂ ಮಲ್ಗಿದ್ವಿ. ನೂರೈವತ್ತು ಗಜ ದೂರದಲ್ಲಿ ಒಂದು ಹೆಣ್ಣು ಎಲ್ಕ್, ಎದೆ ನಮ್ ಕಡೆ ತಿರುಗಿಸ್ಕೊಂಡು ಮೇಯ್ತಿತ್ತು.

"ಹೊಡಿ," ಅಂತ ಪಿಸುಗುಟ್ಟಿದ ಮಾವ.

"ಎದುರಿಂದ ಹೊಡೆದ್ರೆ ಮೂಳೆಗೆ ತಾಗತ್ತೆ. ಸಣ್ಣ ಗುಂಡು, ಒಳಗೆ ಹೋಗಲ್ಲ. ಪಕ್ಕೆ ತೋರಿಸ್ಲಿ."

"ಹೋಗ್ಬಿಡತ್ತಮ್ಮಾ!"

"ಹೋದ್ರೆ ಹೋಗ್ಲಿ."

ಹತ್ತು ನಿಮಿಷ. ಅಜ್ಜಿ ಅಲ್ಲಾಡ್ಲಿಲ್ಲ. ನಂಗೆ ಸೀನು ಬಂತು, ಕೈಗವಸು ಬಾಯಿಗೆ ತುರುಕ್ಕೊಂಡೆ. ಎಲ್ಕ್ ಪೈನ್ ಮರಗಳ ಕಡೆ ಎರಡು ಹೆಜ್ಜೆ ಇಟ್ತು. ಆರು ವರ್ಷ ಕಾದಿದ್ದು ಮರದ ಮರೆಗೆ ಹೋಯ್ತು ಅಂತಾನೇ ಅಂದ್ಕೊಂಡೆ. ಅದು ಅಲ್ಲೇ ನಿಂತು, ಪೂರ್ತಿ ಅಡ್ಡ ತಿರುಗ್ತು.

ಢಬ್.

ಅದು ನಲವತ್ತು ಹೆಜ್ಜೆ ಸುಮ್ನೆ ನಡೀತು. ಮಾವ "ನಾನ್ ಹೇಳ್ಲಿಲ್ವಾ" ಅನ್ನೋಕೆ ಬಾಯಿ ತೆಗೆದ. ಅಷ್ಟರಲ್ಲಿ ಎಲ್ಕ್ ಕಾಲು ಮಡ್ಚ್ಕೊಂಡು ಕುಸಿದು ಬಿತ್ತು.

ಹೊಟ್ಟೆ ಬಗೆದಾಗ ಮಾವ ಶ್ವಾಸಕೋಶ ಈಚೆ ತೆಗೆದು, ತೂತಲ್ಲಿ ಬೆರಳು ಹಾಕಿ ನೋಡಿದ. "ಎರಡೂ ಕಡೆ ತೂರಿದೆ," ಅಂದ. ಇನ್ನೊಂದ್ಸಲ ಬೆರಳು ಹಾಕ್ದ.

ಅಜ್ಜಿ ಕೈ ಒರೆಸ್ಕೊಂಡ್ಲು. "ನೋಡ್ತಾನೇ ಇರ್ತೀಯೋ, ಕಾಲು ಹಿಡ್ಕೊತೀಯೋ?"

ಯಾರ ಕಾಲು ಅಂತ ಅಜ್ಜಿ ಹೇಳ್ಲಿಲ್ಲ. ಮಾವ ಒಂದ್ ಕ್ಷಣ ಅವಳ ಬೂಟ್ಸ್ ನೋಡಿದ. ಆಮೇಲೆ ಎಲ್ಕ್‌ದೇ ಹಿಡ್ಕೊಂಡ.